ಮಳೆಗಾಲದ ಬೆಟ್ಟಕ್ಕೆ ಮೂವತ್ತು ಜನ

ಜೂನ್ ಬಂತೆಂದರೆ ಬೆಂಗಳೂರಿನ ಶುಕ್ರವಾರ ರಾತ್ರಿಗೆ ಬೇರೆಯೇ ಕಳೆ. ಮಡಿವಾಳ, ಸಿಲ್ಕ್ ಬೋರ್ಡ್, ಮೆಜೆಸ್ಟಿಕ್, ಗೊರಗುಂಟೆಪಾಳ್ಯ, ಎಲ್ಲಿ ನೋಡಿದರೂ ಬೆನ್ನಿಗೆ ಬ್ಯಾಗು ಏರಿಸಿಕೊಂಡು ಟಿಟಿ (ಟೆಂಪೊ ಟ್ರಾವೆಲರ್) ಕಾಯುವ ಹುಡುಗ ಹುಡುಗಿಯರು. ಹತ್ತು ಗಂಟೆಗೆ ಅಂದ ಗಾಡಿ ಹನ್ನೊಂದೂವರೆಗೆ ನೆಲಮಂಗಲ ದಾಟುತ್ತದೆ. ಬೆಳಗಿನ ಆರಕ್ಕೆ ಮಲೆನಾಡಿನ ಯಾವುದೋ ಹೋಮ್‌ಸ್ಟೇ, ಎರಡು ಬಾತ್‌ರೂಮಿಗೆ ಮೂವತ್ತು ಜನರ ಸಾಲು, ಇಡ್ಲಿ, ಜೀಪು, ಒಂಬತ್ತಕ್ಕೆ ಬೆಟ್ಟದ ಬುಡ. ಅಷ್ಟು ಹೊತ್ತಿಗೆ ಮಳೆಯೂ ಹಿಡಿದಿರುತ್ತದೆ.

ನಾನಿರುವ ಉತ್ತರ ಇಂಗ್ಲೆಂಡಿನಲ್ಲೂ ಮಳೆಯಲ್ಲಿ ಗುಂಪು ಕಟ್ಟಿ ಬೆಟ್ಟ ಹತ್ತುವವರಿಗೆ ಬರವಿಲ್ಲ. ವಾರಾಂತ್ಯದ ಬೆಳಗ್ಗೆ ಒಂದು ಕಾರ್ ಪಾರ್ಕಿನಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರೆ, ಹೆಚ್ಚಿನವರ ತಲೆ ನರೆತಿರುತ್ತದೆ, ಮಾತು ಕಡಿಮೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಬೆಂಗಳೂರಿಗರು ಸಾಮಾನ್ಯವಾಗಿ ಇಲ್ಲಿಂದ ಕಲಿಯಬೇಕಾದದ್ದು ಸಾಮಾನು ಸರಂಜಾಮು ಅಂದುಕೊಳ್ಳುತ್ತಾರೆ. ಊರಿಗೆ ಬರುವಾಗ ತಂದುಕೊಡಿ ಎಂದು ಕೇಳುವುದೂ ಜಾಕೆಟ್ಟನ್ನೇ, ಬೂಟನ್ನೇ. ನನ್ನ ಮಟ್ಟಿಗೆ ಅದು ತಲೆಕೆಳಗು. ಇಲ್ಲಿಯ ಉಡುಪು ಬಹುಪಾಲು ನಮ್ಮ ಮಳೆಗೆ ಒಗ್ಗುವುದಿಲ್ಲ. ತರಬೇಕಾದದ್ದು ಇಲ್ಲಿಯವರು ಹೊರಡುವ ಮೊದಲು ಕಾಗದದ ಮೇಲೆ ಹಾಕುವ ಲೆಕ್ಕ. ಅದಕ್ಕೆ ದುಡ್ಡಿಲ್ಲ, ಕಸ್ಟಮ್ಸೂ ಇಲ್ಲ.

ಮೊದಲು ಮಳೆಯ ಮಾತು. ಇಂಗ್ಲಿಷರಿಗೆ ತಮ್ಮ ಮಳೆಯ ಬಗ್ಗೆ ಒಂದು ಬಗೆಯ ಹೆಮ್ಮೆಯಿದೆ. ಲೇಕ್ ಡಿಸ್ಟ್ರಿಕ್ಟಿನ ಸೀತ್‌ವೇಟ್ ಇಂಗ್ಲೆಂಡಿನಲ್ಲಿ ಜನವಸತಿಯಿರುವ ಅತಿ ಹೆಚ್ಚು ಮಳೆಯ ಜಾಗ, ವರ್ಷಕ್ಕೆ 3,000 ಮಿ.ಮೀ. ಮೀರುತ್ತದೆ. ನಮ್ಮ ಆಗುಂಬೆಯದು 7,000 ಮಿ.ಮೀ. ಮೀರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಅಂತರ ಮೊತ್ತದಲ್ಲಷ್ಟೇ ಇಲ್ಲ. ಇಲ್ಲಿಯದು ಹೆಚ್ಚಾಗಿ ತಣ್ಣಗೆ, ಗಾಳಿಯ ಜೊತೆ, ದಿನವಿಡೀ ಜಿನುಗುವ ಮಳೆ. ಕೊಲ್ಲುವುದು ಚಳಿ. ಪಶ್ಚಿಮಘಟ್ಟದ್ದು ಬೆಚ್ಚಗಿನ ಮಳೆ, ಆದರೆ ಒಂದೇ ಗಂಟೆಯಲ್ಲಿ ಸುರಿದು ಪಾದ ನೆನೆಯುವಷ್ಟಿದ್ದ ಹಳ್ಳವನ್ನು ಸೊಂಟದ ಮಟ್ಟಕ್ಕೆ ಏರಿಸುತ್ತದೆ. ಬೆಂಗಳೂರಿನ ಸುತ್ತಿನದು ಮೂರನೇ ಬಗೆ: ಏಪ್ರಿಲ್, ಮೇ ಮತ್ತೆ ಅಕ್ಟೋಬರಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಸಿಡಿಲಿನ ಮಳೆ. ಮೂರಕ್ಕೂ ಒಂದೇ ಸಾಮಾನಿನ ಪಟ್ಟಿ ಹಿಡಿದು ಹೊರಟರೆ ಮೂರರಲ್ಲಿ ಎರಡು ಕಡೆ ಅದು ತಪ್ಪು ಪಟ್ಟಿ.

ಜಾಕೆಟ್ಟನ್ನೇ ತೆಗೆದುಕೊಳ್ಳಿ. ನೀರು ಒಳಗೆ ಬಿಡದೆ ಬೆವರಿನ ಆವಿಯನ್ನು ಹೊರಗೆ ಬಿಡುವ ಪದರ ಎಂದು ಹೇಳಿ ಮಾರುತ್ತಾರಲ್ಲ, ಆ ಪದರ ತಾನಾಗಿ ಏನನ್ನೂ ತಳ್ಳುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚೋ ಅಷ್ಟೇ ಅದರ ಕೆಲಸ. ಬೆವರಿದ ಚರ್ಮ 33 ಡಿಗ್ರಿಯಲ್ಲಿದ್ದರೆ ಅಲ್ಲಿ ಆವಿಯ ಒತ್ತಡ ಹೆಚ್ಚೆಂದರೆ 50 ಹೆಕ್ಟೊಪ್ಯಾಸ್ಕಲ್. ಇಲ್ಲಿಯ 8 ಡಿಗ್ರಿಯ ಮಂಜಿನಲ್ಲಿ ಹೊರಗಿನದು ಸುಮಾರು 11. ಅಂತರ 39. ಕುದುರೆಮುಖದ ತಪ್ಪಲಿನ 22 ಡಿಗ್ರಿಯ ತುಂಬು ತೇವದಲ್ಲಿ ಹೊರಗಿನದೇ 26, ಅಂತರ 24ಕ್ಕೆ ಇಳಿಯುತ್ತದೆ. ಬೆವರೋ ಅಲ್ಲಿ ಇನ್ನೂ ಹೆಚ್ಚು. ಹಾಗಾಗಿ ಹದಿನೈದು ಸಾವಿರ ರೂಪಾಯಿಯ ಜಾಕೆಟ್ ಹಾಕಿದವರೂ ಮುನ್ನೂರು ರೂಪಾಯಿಯ ಪ್ಲಾಸ್ಟಿಕ್ ರೇನ್‌ಕೋಟಿನವರೂ ಅರ್ಧ ಗಂಟೆಯಲ್ಲಿ ಒಳಗಿನಿಂದ ಒಂದೇ ಸಮ ಒದ್ದೆ. ಏರುದಾರಿಯಲ್ಲಿ, ಕಾಡಿನ ನೆರಳಲ್ಲಿ ನೆನೆದೇ ನಡೆಯುವುದು ನಮ್ಮಲ್ಲಿ ಸರಿಯಾದ ಕ್ರಮ. ಮೈಗೆ ಒಂದು ತೆಳು ಪಾಲಿಯೆಸ್ಟರ್ ಟೀಶರ್ಟ್ ಸಾಕು. ರೇನ್‌ಕೋಟು ಹಾಕಿಕೊಳ್ಳಬೇಕಾದದ್ದು ಕಾಡು ಮುಗಿದು ಹುಲ್ಲಿನ ದಿಣ್ಣೆ ಶುರುವಾಗುವಲ್ಲಿ, ಗಾಳಿ ಹೊಡೆಯುವಲ್ಲಿ, ಕೂತು ಉಣ್ಣುವಲ್ಲಿ. ಹಾಕುವ ಮೊದಲು ಎರಡು ನಿಮಿಷ ನಿಂತು ಬೆವರು ಆರಿಸಿಕೊಳ್ಳಬೇಕು.

ಪೊಂಚೊ ಅಗ್ಗ, ಬ್ಯಾಗನ್ನೂ ಮುಚ್ಚುತ್ತದೆ ಎಂದು ಎಲ್ಲರೂ ತರುತ್ತಾರೆ. ಮಟ್ಟಸ ಹಾದಿಗೆ ಅದು ಚೆನ್ನ. ಇಳಿಜಾರಿನಲ್ಲಿ ಅದರ ಮುಂಭಾಗ ಜೋತುಬಿದ್ದು ತನ್ನ ಪಾದ ತನಗೇ ಕಾಣದಂತೆ ಮಾಡುತ್ತದೆ, ಗಾಳಿಯಲ್ಲಿ ಪಟದ ಹಾಗೆ ಎಳೆಯುತ್ತದೆ. ಇಳಿಯುವಾಗ ಅದನ್ನು ಸೊಂಟಕ್ಕೆ ಒಂದು ದಾರದಿಂದ ಬಿಗಿದುಕೊಳ್ಳಿ. ಜೀನ್ಸ್ ಬೇಡ ಎಂದು ಪ್ರತಿ ಗುಂಪಿನ ಸೂಚನೆಯಲ್ಲೂ ಬರೆದಿರುತ್ತದೆ, ಆದರೂ ಪ್ರತಿ ಗುಂಪಿನಲ್ಲೂ ನಾಲ್ಕು ಜೀನ್ಸ್ ಇದ್ದೇ ಇರುತ್ತವೆ. ನೆನೆದ ದಪ್ಪ ಹತ್ತಿ ಮಂಡಿಗೆ ಅಂಟಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ತೊಡೆ ಉಜ್ಜಿ ಹಸಿಯಾಗುತ್ತದೆ, ಮೇಲೆ ಹೋದರೆ ಮೈಯ ಶಾಖವನ್ನೆಲ್ಲ ಹೀರುತ್ತದೆ.

ಇಲ್ಲಿಯ ಬೆಟ್ಟದವರು ಮೆರಿನೊ ಉಣ್ಣೆಯ ಬಗ್ಗೆ ಭಜನೆ ಮಾಡುವುದನ್ನು ಕೇಳಿದರೆ ಮಲೆನಾಡಿನ ಯಾರಿಗಾದರೂ ನಗು ಬರಬೇಕು. ನೆನೆದರೂ ಎಳೆಗಳ ನಡುವೆ ಗಾಳಿ ಉಳಿಸಿಕೊಂಡು ಬಿಸಿ ಕಾಯುವ ಗುಣ ಉಣ್ಣೆಯದು ಎಂಬುದನ್ನು ಕಂಬಳಿ ಕೊಪ್ಪೆ ಹಾಕಿ ಗದ್ದೆ ನೆಟ್ಟವರು ಯಾವ ಲೇಬಲ್ಲೂ ಓದದೆ ತಿಳಿದಿದ್ದರು. ಬಗ್ಗಿ ನಾಟಿ ಮಾಡುವಾಗ ಬೆನ್ನಿಗೆ ಬಿದಿರು ಎಲೆಗಳಿಂದ ಹೆಣೆದ ಗೊರಬು, ನೆಟ್ಟಗೆ ನಿಂತು ನಡೆಯುವಾಗ ತಲೆಯಿಂದ ಇಳಿಬಿಟ್ಟ ಕಂಬಳಿಯ ಕೊಪ್ಪೆ. ಕೆಲಸಕ್ಕೆ ತಕ್ಕ ಮರೆ. ಎರಡೂ ಪಕ್ಕ ತೆರೆದಿರುವುದರಿಂದ ಬೆವರಿಗೆ ದಾರಿಯಿತ್ತು. ಈಗ ಟ್ರೆಕ್ಕಿಗೆ ಕಂಬಳಿ ಹೊತ್ತುಕೊಂಡು ಹೋಗಿ ಎನ್ನುತ್ತಿಲ್ಲ. ನೆನೆದರೆ ಮಣಭಾರ. ಆದರೆ ಬ್ಯಾಗಿನ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ತೆಳು ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್ ಇರಲಿ. ಶಿಖರದಲ್ಲಿ ಕೂತಾಗ ಅದು ಜಾಕೆಟ್ಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬ್ಯಾಗಿನ ವಿಷಯದಲ್ಲಿ ಮಾತ್ರ ಇಲ್ಲಿಯವರದು ಸರಿ. ಬೆಂಗಳೂರಿನಲ್ಲಿ ಬ್ಯಾಗಿಗೆ ಹೊರಗಿನಿಂದ ಕವರ್ ಹಾಕುತ್ತಾರೆ. ಅದು ಲಂಟಾನದ ಮುಳ್ಳಿಗೆ ಹರಿಯುತ್ತದೆ, ಬೆನ್ನಿನ ಕಡೆಯಿಂದ ಇಳಿದ ನೀರು ಕವರಿನ ತಳದಲ್ಲಿ ತುಂಬಿ ಬ್ಯಾಗನ್ನೇ ನೆನೆಸುತ್ತದೆ. ಇಲ್ಲಿ ಒಳಗೆ ಹಾಕುತ್ತಾರೆ: ದಪ್ಪನೆಯ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ, ಎಲ್ಲವೂ ಅದರೊಳಗೆ, ಬಾಯಿ ಎರಡು ಸುತ್ತು ತಿರುಚಿ ಮಡಚಿಟ್ಟರೆ ಮುಗಿಯಿತು. ಕಸದ ದೊಡ್ಡ ಕಪ್ಪು ಚೀಲವೇ ಸಾಕು, ಎರಡು ಹಾಕಿ.

ಬೂಟು. ಇಂಗ್ಲೆಂಡಿನ ತೊಗಲಿನ ಬೂಟು ತಣ್ಣನೆಯ ಜೌಗುನೆಲಕ್ಕೆ ಮಾಡಿದ್ದು, ಪಾದ ನೆನೆಯಬಾರದು ಎಂಬುದೇ ಅದರ ಗುರಿ. ನಮ್ಮ ಹಾದಿಯಲ್ಲಿ ಮೊಣಕಾಲ ಮಟ್ಟದ ಹಳ್ಳ ಮೂರು ಸಲ ಅಡ್ಡ ಬರುತ್ತದೆ, ನೀರು ಮೇಲಿನಿಂದ ಒಳಗೆ ಬಿದ್ದು ಅಲ್ಲೇ ಉಳಿಯುತ್ತದೆ. ಕಾಲಿಗೆ ಅರ್ಧ ಅರ್ಧ ಕೆ.ಜಿ. ಹೆಚ್ಚು. ಜಾಲರಿ ಬಟ್ಟೆಯ, ಮೃದು ರಬ್ಬರಿನ, ತಳದಲ್ಲಿ ಆಳ ಹಲ್ಲಿರುವ ಶೂ ನಮಗೆ ಒಳ್ಳೆಯದು. ನೀರು ಬಂದಷ್ಟೇ ಬೇಗ ಹೊರಗೆ ಹೋಗಬೇಕು. ತೋಟದ ಆಳುಗಳ ಗಂಬೂಟು ಉಂಬಳಕ್ಕೂ (ಕಾಡಿನ ಜಿಗಣೆ) ಕೆಸರಿಗೂ ಚೆನ್ನ, ಆದರೆ ಕಡಿದಾದ ಇಳಿಜಾರಿನಲ್ಲಿ ಪಾದ ಒಳಗೇ ಜಾರಿ ಬೆರಳು ನುಜ್ಜಾಗುತ್ತವೆ. ಆ ಬೂಟಿನಲ್ಲಿ ಬೆಟ್ಟ ಇಳಿಯುವ ಗೈಡ್ ಅಣ್ಣನನ್ನು ನೋಡಿ ಅನುಕರಿಸಬೇಡಿ, ಅವರ ಕಾಲು ಬೇರೆ.

ನೆಲವನ್ನು ಓದುವುದು ಶೂಗಿಂತ ದೊಡ್ಡ ವಿದ್ಯೆ. ಮಲೆನಾಡಿನಲ್ಲಿ ಜಾರುವುದು ಮುಖ್ಯವಾಗಿ ಮೂರು: ಮರದ ತೊಗಟೆ ಸವೆದ ಬೇರು, ಜನ ತುಳಿದು ನುಣುಪಾದ ಕೆಂಪು ಜೇಡಿ, ಒಂದೇ ದಿಕ್ಕಿಗೆ ಮಲಗಿದ ಹುಲ್ಲು. ಬೇರಿನ ಮೇಲೆ ಎಂದೂ ಓರೆಯಾಗಿ ಕಾಲಿಡಬಾರದು, ದಾಟಿಯೇ ಇಡಬೇಕು. ಜೇಡಿಯಲ್ಲಿ ಹಾದಿಯ ನಡುವಿಗಿಂತ ಅಂಚಿನ ಕಲ್ಲು, ಹುಲ್ಲಿನ ಬುಡ ಹಿಡಿತ ಕೊಡುತ್ತವೆ. ಮೂವತ್ತು ಜನರಲ್ಲಿ ಮೊದಲ ಐವರಿಗೆ ಸಿಕ್ಕ ಮೆಟ್ಟಿಲು ಇಪ್ಪತ್ತೈದನೆಯವರಿಗೆ ಜಾರುಬಂಡೆಯಾಗಿರುತ್ತದೆ. ಬಿದ್ದವರಿಗೆ ‘ನೋಡ್ಕೊಂಡು ನಡಿ ಮಗಾ’ ಎನ್ನುವ ಮುಂದಿನವರಿಗೆ ಆ ಹಾದಿಯನ್ನು ಹಾಳು ಮಾಡಿದ್ದು ತಾವೇ ಎಂಬುದು ಗೊತ್ತಿರುವುದಿಲ್ಲ. ದೊಡ್ಡ ಗುಂಪಿನಲ್ಲಿ ನಿಧಾನದವರನ್ನು ಮುಂದೆ ಬಿಡಬೇಕು ಎನ್ನಲು ಇದೂ ಒಂದು ಕಾರಣ.

ಬೆಂಗಳೂರಿನ ಹತ್ತಿರದ ಬೆಟ್ಟಗಳ ಮಾತು ಬೇರೆ. ಸಾವನದುರ್ಗ, ಶಿವಗಂಗೆ, ರಾಮನಗರದ ಬಂಡೆಗಳೆಲ್ಲ ಗ್ರಾನೈಟ್. ಒಣಗಿದಾಗ ಉಪ್ಪುಕಾಗದದ ಹಾಗೆ ಹಿಡಿಯುವ ಬಂಡೆ ಒಂದು ಸೋನೆ ಬಿದ್ದರೆ ಮೋಸ ಮಾಡುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ಮಳೆನೀರು ಹರಿದ ಜಾಗದಲ್ಲಿ ಮೇಲಿನಿಂದ ಕೆಳಗೆ ಕಪ್ಪು ಪಟ್ಟೆಗಳು ಕಾಣುತ್ತವಲ್ಲ, ಅದು ಒಣಗಿದ ಪಾಚಿ. ನೀರು ಬಿದ್ದ ಕೆಲವೇ ನಿಮಿಷದಲ್ಲಿ ಉಬ್ಬಿ ಸಾಬೂನಿನಂತಾಗುತ್ತದೆ. ತಿಳಿ ಬಣ್ಣದ, ತರಿತರಿಯಾದ ಭಾಗ ನೆನೆದರೂ ಸಾಕಷ್ಟು ಹಿಡಿಯುತ್ತದೆ. ಕಪ್ಪು ಪಟ್ಟೆ ದಾಟಲೇಬೇಕಾದರೆ ಅದು ಅತಿ ಕಿರಿದಾಗಿರುವಲ್ಲಿ, ಪೂರ್ತಿ ಅಂಗಾಲು ಇಟ್ಟು, ಮಂಡಿ ಸ್ವಲ್ಪ ಬಗ್ಗಿಸಿ. ಭಯಕ್ಕೆ ಮೈಯನ್ನು ಹಿಂದಕ್ಕೆ ವಾಲಿಸಿದರೆ ಹಿಮ್ಮಡಿ ಮಾತ್ರ ತಾಗಿ ಕಾಲು ಮುಂದಕ್ಕೆ ಹಾರುತ್ತದೆ. ಕೂತು ಜಾರುತ್ತಾ ಇಳಿಯುವುದರಲ್ಲಿ ನಾಚಿಕೆಯೇನಿಲ್ಲ, ಪ್ಯಾಂಟು ಹರಿದೀತು ಅಷ್ಟೇ.

1,226 ಮೀಟರಿನ ಸಾವನದುರ್ಗದ ನೆತ್ತಿಯಲ್ಲಿ ಸಿಡಿಲಿಗೆ ಅತಿ ಎತ್ತರದ ವಸ್ತು ನೀವೇ. ಮಿಂಚು ಕಂಡು ಗುಡುಗು ಕೇಳುವ ನಡುವೆ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ಇಳಿಯಲು ಶುರು ಮಾಡಿ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯದೆ ಮತ್ತೆ ಹತ್ತಬೇಡಿ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಫೋನಿನಲ್ಲಿ ಇರಲಿ. ಹತ್ತಿರದ ಬೆಟ್ಟ ಎಂದರೆ ಸಣ್ಣ ಬೆಟ್ಟ ಎಂಬ ಸಲುಗೆ ಬೇಡ. 2021ರ ಆಗಸ್ಟಿನಲ್ಲಿ ಒಂದು ರಾತ್ರಿಯ ಮಳೆಗೆ ನಂದಿಬೆಟ್ಟದ ರಸ್ತೆಯೇ ಕುಸಿದಿತ್ತು.

ಉಂಬಳದ ಬಗ್ಗೆ ಇಲ್ಲಿಯವರಿಂದ ಕಲಿಯುವುದೇನೂ ಇಲ್ಲ. ಇಂಗ್ಲೆಂಡಿನ ನಡಿಗೆಯವರಿಗಿರುವ ಭಯ ರಕ್ತ ಹೀರುವ ಸಣ್ಣ ಹುಳು ಉಣುಗಿನದು, ಅದು ಲೈಮ್ ಎಂಬ ಕಾಯಿಲೆ ಹರಡುತ್ತದೆ. ನಮ್ಮಲ್ಲೂ ಉಣುಗಿನ ಕಾಯಿಲೆಯಿದೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ. ಆದರೆ ಅದರ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ. ಮಳೆಗಾಲ ಉಂಬಳದ್ದು. ಬರೀ ಉಪ್ಪು ಹಚ್ಚಿದರೆ ಮೊದಲ ಹಳ್ಳದಲ್ಲೇ ತೊಳೆದುಹೋಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ನಶ್ಯ ಅಥವಾ ಹೊಗೆಸೊಪ್ಪಿನ ಪುಡಿ ಕಲಸಿ ಸಾಕ್ಸಿನ ಹೊರಗೆ, ಶೂ ಅಂಚಿಗೆ ಹಚ್ಚಿದರೆ ಒಂದೆರಡು ಗಂಟೆ ನಿಲ್ಲುತ್ತದೆ, ಆಮೇಲೆ ಮತ್ತೆ ಹಚ್ಚಬೇಕು. ಕೋಲಿನ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಇದ್ದರೆ ಹತ್ತಿದ್ದನ್ನು ಮುಟ್ಟಿಸಿ ಬೀಳಿಸಬಹುದು. ಈಗಾಗಲೇ ಕಚ್ಚಿ ಕೂತದ್ದಕ್ಕೆ ಉಪ್ಪು, ಬೆಂಕಿ ಬೇಡ. ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಸಪೂರ ತುದಿಯ ಕೆಳಗೆ ಉಗುರು ತೂರಿಸಿ ಬಾಯಿ ಬಿಡಿಸಿ, ಆಮೇಲೆ ದಪ್ಪ ತುದಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದರಿಂದ ಗಾಯ ಸಣ್ಣದಾದರೂ ಸೋರುತ್ತಲೇ ಇರುತ್ತದೆ. ಒತ್ತಿ ಹಿಡಿದರೆ ಸಾಕು. ಗುಂಪಿನ ದೃಷ್ಟಿಯಿಂದ ಮುಖ್ಯವಾದದ್ದು ಇಷ್ಟು: ಉಂಬಳದ ಜಾಗದಲ್ಲಿ ನಿಲ್ಲಬಾರದು. ಒಬ್ಬರು ಕಿರುಚಿದರೆಂದು ಮೂವತ್ತು ಜನ ತರಗೆಲೆಯ ಮೇಲೆ ನಿಂತರೆ ಮೂವತ್ತೂ ಜನರ ಕಾಲಿಗೆ ಹತ್ತುತ್ತವೆ. ಬಂಡೆಯೋ ಬಯಲೋ ಬಂದ ಮೇಲೆ ನಿಂತು ತೆಗೆಯಿರಿ.

ಇನ್ನು ಲೆಕ್ಕ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಹೇಳಿದ: ನಕ್ಷೆಯ ಮೇಲಿನ ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಈಗಿನ ಅಳತೆಯಲ್ಲಿ ಗಂಟೆಗೆ 5 ಕಿ.ಮೀ., ಜೊತೆಗೆ 10 ಮೀಟರ್ ಏರಿಗೆ ಒಂದು ನಿಮಿಷ. ಇದು ಗಟ್ಟಿಗರೊಬ್ಬರು ಒಣ ಹಾದಿಯಲ್ಲಿ ನಿಲ್ಲದೆ ನಡೆದ ಲೆಕ್ಕ. ಇಲ್ಲಿಯ ಮುಂದಾಳುಗಳು ಗುಂಪಿಗೆ, ಮಳೆಗೆ ತಕ್ಕಂತೆ 5ನ್ನು 4ಕ್ಕೋ 3ಕ್ಕೋ ಇಳಿಸಿಕೊಳ್ಳುತ್ತಾರೆ, ಏರಿನ ನಿಮಿಷ ಹಾಗೇ ಇರುತ್ತದೆ.

ನಮ್ಮ ಕಡೆಯ ಸಾಧಾರಣ ಹಾದಿಯೊಂದನ್ನು ಇಟ್ಟುಕೊಳ್ಳೋಣ. ಒಂದು ಬದಿಗೆ 7 ಕಿ.ಮೀ., ಏರು 700 ಮೀಟರ್. ಸೂತ್ರದಂತೆ ಹತ್ತಲು ಸುಮಾರು 2 ಗಂಟೆ 35 ನಿಮಿಷ. ಟ್ರೆಕ್ ಪೋಸ್ಟರುಗಳಲ್ಲಿ ‘ಮೂರು ಗಂಟೆ’ ಎಂದು ಬರುವುದು ಇದೇ. ಮಳೆಯಲ್ಲಿ ಗಂಟೆಗೆ 3 ಕಿ.ಮೀ. ಎಂದರೆ 2 ಗಂಟೆ 20 ನಿಮಿಷ, ಏರಿಗೆ 1 ಗಂಟೆ 10 ನಿಮಿಷ, ಒಟ್ಟು ಮೂರೂವರೆ. ಈಗ ಬರುತ್ತದೆ ನೋಡಿ, ಯಾರೂ ಹಾಕದ ಲೆಕ್ಕ. ಹಾದಿಯಲ್ಲಿ ಒಬ್ಬೊಬ್ಬರೇ ದಾಟಬೇಕಾದ ಎರಡು ಜಾಗ, ಒಂದು ಹಳ್ಳ, ಒಂದು ಬಂಡೆಯ ಚಾಚು. ತಲೆಗೆ ಒಂದೇ ನಿಮಿಷ ಹಿಡಿದರೂ ಮೂವತ್ತು ಜನಕ್ಕೆ ಜಾಗವೊಂದಕ್ಕೆ ಅರ್ಧ ಗಂಟೆ, ಎರಡಕ್ಕೆ ಒಂದು ಗಂಟೆ, ಬರುವಾಗ ಇನ್ನೊಂದು. ಹತ್ತುವಾಗಿನ ವಿರಾಮ ಅರ್ಧ ಗಂಟೆ ಸೇರಿಸಿದರೆ ಶಿಖರಕ್ಕೆ 5 ಗಂಟೆ. ಮೇಲೆ ಬುತ್ತಿಗೆ 40 ನಿಮಿಷ. ಇಳಿಯಲು 2 ಗಂಟೆ 20 ನಿಮಿಷ, ಜಾರುವ ನೆಲಕ್ಕೆಂದು 40 ನಿಮಿಷ, ಸಾಲಿಗೆ ಒಂದು ಗಂಟೆ, ವಿರಾಮಕ್ಕೆ 20 ನಿಮಿಷ. ಕೂಡಿಸಿ, ಸರಿಯಾಗಿ ಹತ್ತು ಗಂಟೆ.

ಒಂಬತ್ತಕ್ಕೆ ಹೊರಟರೆ ಸಂಜೆ ಏಳು. ಜುಲೈಯಲ್ಲಿ ಚಿಕ್ಕಮಗಳೂರಿನ ಕಡೆ ಸೂರ್ಯ ಮುಳುಗುವುದೇ ಏಳರ ಆಸುಪಾಸು. ಮೋಡ ಕವಿದ ಶೋಲಾ ಕಾಡಿನೊಳಗೆ ಆರೂವರೆಗೇ ಕಣ್ಣು ಕಾಣುವುದಿಲ್ಲ. ಇಂಗ್ಲೆಂಡಿನ ಜೂನಿನಲ್ಲಿ ಹಗಲು ಸುಮಾರು 17 ಗಂಟೆ, ನಮ್ಮದು 13ಕ್ಕೂ ಸ್ವಲ್ಪ ಕಡಿಮೆ. ಆದ್ದರಿಂದ ಬೇಗ ಹೊರಡುವ ಜರೂರು ಇಲ್ಲಿಯವರಿಗಿಂತ ನಮಗೇ ಹೆಚ್ಚು, ಆದರೂ ತಡವಾಗಿ ಹೊರಡುವವರು ನಾವೇ. ಕತ್ತಲಿಗೆ ಮೊದಲು, ಅಂದರೆ ಐದೂವರೆಗೆ ಬುಡ ಸೇರಬೇಕೆಂದು ಹಿಂದಿನಿಂದ ಎಣಿಸಿ: ಇಳಿಯಲು 4 ಗಂಟೆ 20 ನಿಮಿಷ ಬೇಕು, ಹಾಗಾಗಿ ಶಿಖರ ಬಿಡಬೇಕಾದದ್ದು 1:10ಕ್ಕೆ. ಶಿಖರ ಮುಟ್ಟುವುದೇ 2ಕ್ಕೆ! ಬೆಟ್ಟದ ಬುಡದಲ್ಲಿ ಗುಂಪು ಫೋಟೊಗೆ ನಿಂತಾಗಲೇ ಈ ಟ್ರೆಕ್ ಆಗದ ಮಾತು. ಇದನ್ನು ತಿಳಿಯಲು ಅನುಭವ ಬೇಡ, ಪೆನ್ಸಿಲ್ ಸಾಕು.

ಅದೇ ಹಾದಿಗೆ ಹನ್ನೆರಡು ಜನರನ್ನು ಹಾಕಿ, ಏಳಕ್ಕೆ ಹೊರಡಿಸಿ. ಸಾಲಿನ ಹೊತ್ತು ಒಂದು ಬದಿಗೆ 24 ನಿಮಿಷಕ್ಕೆ ಇಳಿಯುತ್ತದೆ. ಹನ್ನೊಂದೂವರೆಯೊಳಗೆ ಶಿಖರ, ನಾಲ್ಕರೊಳಗೆ ಬುಡ. ಯಾರೂ ಓಡಿಲ್ಲ, ಯಾರ ಫಿಟ್‌ನೆಸ್ಸೂ ಹೆಚ್ಚಿಲ್ಲ. ಮೂವತ್ತು ಜನ ಬಂದೇ ಬರುತ್ತಾರೆಂದರೆ ಅವರನ್ನು ಹತ್ತು ಹತ್ತರ ಮೂರು ಗುಂಪು ಮಾಡಿ, ಒಂದೊಂದಕ್ಕೂ ಬೇರೆ ಮುಂದಾಳು, ನಡುವೆ ಇಪ್ಪತ್ತು ನಿಮಿಷದ ಅಂತರ. ಒಂದು ಬಸ್ಸಿನಲ್ಲಿ ಬಂದವರು ಒಂದೇ ಸಾಲಿನಲ್ಲಿ ನಡೆಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಮುಂದೆ ನಡೆಸುವ ಲೀಡ್, ಕೊನೆಗೆ ನಡೆಯುವ ಸ್ವೀಪ್ ಎಂಬ ಎರಡು ಹುದ್ದೆ ಬೆಂಗಳೂರಿನ ಗುಂಪುಗಳಲ್ಲೂ ಇವೆ. ಆದರೆ ಸ್ವೀಪ್ ಎಂದರೆ ನಮ್ಮಲ್ಲಿ ಹೆಚ್ಚಾಗಿ ಹೊಸಬ ಸ್ವಯಂಸೇವಕ, ‘ಬನ್ನಿ ಬನ್ನಿ, ಇನ್ನು ಸ್ವಲ್ಪವೇ’ ಎಂದು ಹುರಿದುಂಬಿಸುವವನು. ಇಲ್ಲಿ ಕೊನೆಗೆ ನಡೆಯುವವರು ಗುಂಪಿನಲ್ಲಿ ಎರಡನೇ ಅನುಭವಿ. ಪ್ರಥಮ ಚಿಕಿತ್ಸೆಯ ಡಬ್ಬ ಅವರಲ್ಲೇ ಇರುತ್ತದೆ, ಯಾಕೆಂದರೆ ಗಾಯವಾಗುವುದು ಹಿಂದಿನವರಿಗೆ, ಮುಂದಿರುವ ಡಬ್ಬ ಹಿಂದಕ್ಕೆ ಬರಲು ಅರ್ಧ ಗಂಟೆ. ಕವಲು ಬಂದಲ್ಲಿ ಕೊನೆಯವರ ಮುಖ ಕಾಣುವವರೆಗೆ ಯಾರೂ ಮುಂದೆ ಹೋಗುವಂತಿಲ್ಲ. ಹಾಗೆ ಕಾದಾಗ ಒಂದು ಅನ್ಯಾಯ ನಡೆಯುತ್ತದೆ, ಅದು ಎರಡೂ ದೇಶದಲ್ಲಿ ಒಂದೇ: ಮುಂದಿನವರು ಹತ್ತು ನಿಮಿಷ ಕೂತು ದಣಿವಾರಿಸಿಕೊಂಡು, ಹಿಂದಿನವರು ಏದುಸಿರು ಬಿಡುತ್ತಾ ಬಂದ ಕ್ಷಣವೇ ‘ನಡೀರಿ ಹೋಗೋಣ’ ಎಂದು ಏಳುತ್ತಾರೆ. ಅತಿ ಹೆಚ್ಚು ವಿಶ್ರಾಂತಿ ಬೇಕಾದವರಿಗೆ ಅತಿ ಕಡಿಮೆ ವಿಶ್ರಾಂತಿ. ಕೊನೆಯವರು ಬಂದ ಮೇಲೆ ಐದು ನಿಮಿಷ ಎಂಬ ನಿಯಮ ಇಟ್ಟುಕೊಂಡರೆ ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗುವ ಸಾಲು ತಾನಾಗಿ ಹದಕ್ಕೆ ಬರುತ್ತದೆ, ಏಕೆಂದರೆ ಮುಂದಿನವರಿಗೂ ಕಾಯುವುದು ಬೇಜಾರು.

ಹೇಗಿದ್ದೀರಿ ಎಂದು ಕೇಳುವುದರಿಂದಲೂ ಪ್ರಯೋಜನವಿಲ್ಲ. ‘ಏನೂ ಪರವಾಗಿಲ್ಲ’ ಎಂಬ ಉತ್ತರ ಬೆಂಗಳೂರಿನಲ್ಲೂ, ಅದರದೇ ಇಂಗ್ಲಿಷ್ ತಮ್ಮ ಇಲ್ಲಿಯೂ ಸಿದ್ಧವಾಗಿರುತ್ತದೆ. ಕೇಳಬೇಕಾದದ್ದು ಲೆಕ್ಕ ಕೊಡುವ ಪ್ರಶ್ನೆ. ಬಾಟಲಿಯಲ್ಲಿ ನೀರೆಷ್ಟು ಉಳಿದಿದೆ, ಕೊನೆಗೆ ತಿಂದದ್ದು ಎಷ್ಟು ಹೊತ್ತಿಗೆ, ಹೆಬ್ಬೆರಳಿಗೆ ಕಿರುಬೆರಳು ಮುಟ್ಟಿಸಿ ನೋಡೋಣ. ಈ ಕೊನೆಯದು ಚಳಿಯ ಪರೀಕ್ಷೆ. ಬೆಚ್ಚಗಿನ ನಾಡಲ್ಲಿ ಚಳಿಯೇ ಎಂದು ನಗಬೇಡಿ. 1,894 ಮೀಟರಿನ ಕುದುರೆಮುಖದ ನೆತ್ತಿ ಬುಡಕ್ಕಿಂತ ಹಲವು ಡಿಗ್ರಿ ತಣ್ಣಗಿರುತ್ತದೆ, ಮೇಲೆ ತಡೆಯಿಲ್ಲದ ಗಾಳಿ, ಮೈಮೇಲೆ ಒದ್ದೆ ಬಟ್ಟೆ, ರಾತ್ರಿ ನಿದ್ದೆಗೆಟ್ಟ ದೇಹ. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ಸುಮ್ಮಸುಮ್ಮನೆ ಎಡವುವುದು, ಕೊನೆಗೆ ಸಿಡುಕು ಅಥವಾ ಮಂಕು. ತೊದಲು ಕಂಡ ಕೂಡಲೇ ಗಾಳಿಯ ಮರೆಗೆ ಕೂರಿಸಿ, ಒದ್ದೆ ತೆಗೆದು ಒಣಗಿದ್ದು ಹಾಕಿ, ನೆಲದ ತಂಪು ತಾಗದಂತೆ ಬ್ಯಾಗಿನ ಮೇಲೆ ಕೂರಿಸಿ, ಬೆಲ್ಲವೋ ಬಿಸಿ ಸಿಹಿ ಚಹವೋ ಕೊಡಿ. ಕೈಕಾಲು ತಿಕ್ಕುವುದು, ‘ಒಂದು ಪೆಗ್ ಹಾಕಿದರೆ ಸರಿಹೋಗುತ್ತೆ’ ಎನ್ನುವುದು ಎರಡೂ ಕೇಡು. ಇಲ್ಲಿಯ ಮುಂದಾಳುಗಳ ಬ್ಯಾಗಿನಲ್ಲಿ ಕಂಬವಿಲ್ಲದ ಒಂದು ನೈಲಾನ್ ಗೂಡು ಇರುತ್ತದೆ. ಐದಾರು ಜನ ಎದುರುಬದುರು ಕೂತು ತಲೆಯ ಮೇಲಿಂದ ಎಳೆದುಕೊಂಡು ಅಂಚನ್ನು ತಾವೇ ಅದುಮಿ ಕೂತರೆ ಉಸಿರಿನ ಬಿಸಿಗೇ ಕೆಲವೇ ನಿಮಿಷದಲ್ಲಿ ಒಳಗೆ ಬೆಚ್ಚಗಾಗುತ್ತದೆ. ಅರ್ಧ ಕೆ.ಜಿ.ಯಷ್ಟೇ ಭಾರ. ತರುವುದೇ ಆದರೆ ಇದನ್ನು ತನ್ನಿ. ಇಲ್ಲವಾದರೆ ಎಸ್‌.ಪಿ. ರಸ್ತೆಯ ಸುತ್ತಿನ ಅಂಗಡಿಯಲ್ಲಿ ಸಿಗುವ ಮೂರು ಮೀಟರಿನ ತೆಳು ತಾರ್ಪಾಲೂ ನಡೆಯುತ್ತದೆ.

ಹಳ್ಳ ಏರಿದಾಗ ಹಗ್ಗ ಕಟ್ಟಿ ದಾಟಿಸುವುದನ್ನು ನಮ್ಮ ಗುಂಪುಗಳು ಸಾಹಸದ ಭಾಗ ಎಂದೇ ತಿಳಿದಿವೆ. ವೇಗವಾಗಿ ಹರಿಯುವ ನೀರು ಮಂಡಿ ಮೀರಿದರೆ ದಾಟಬಾರದು. ತಳ ಕಾಣದಷ್ಟು ಕೆಂಪಾದರೆ, ಒಳಗೆ ಕಲ್ಲು ಉರುಳುವ ಸದ್ದು ಕೇಳಿದರೆ ಮಂಡಿಯವರೆಗೂ ಬೇಡ. ದಾಟುವುದಾದರೆ ಅಗಲವಾದ ಜಾಗ ಹುಡುಕಿ, ಕಿರಿದಾದಲ್ಲಿ ಆಳವೂ ಸೆಳೆತವೂ ಹೆಚ್ಚು. ಬ್ಯಾಗಿನ ಸೊಂಟಪಟ್ಟಿ ಬಿಚ್ಚಿ. ಮೂರು ನಾಲ್ಕು ಜನ ಭುಜ ಹಿಡಿದು, ಗಟ್ಟಿಗರು ಮೇಲ್ಹರಿವಿನ ಕಡೆ ಕೋಲೂರಿ, ಒಟ್ಟಿಗೆ ಹೆಜ್ಜೆ ಹಾಕಿ. ಕೈಯಲ್ಲಿ ಹಗ್ಗ ಹಿಡಿದು ಜಾರಿದವರು ನೀರಿನ ಕೆಳಗೆ ಸಿಕ್ಕಿಬೀಳುತ್ತಾರೆ, ಮೈಗೆ ಕಟ್ಟಿಕೊಂಡವರಂತೂ ಬಿಡಿಸಿಕೊಳ್ಳಲೇ ಆರರು. ಹಳ್ಳ ದಾಟಿ ಹೋದ ಹಾದಿಯಲ್ಲಿ ಮಧ್ಯಾಹ್ನದ ಮಳೆ ಬಲವಾದರೆ ವಾಪಸು ದಾರಿ ಮುಚ್ಚಿದಂತೆ. ಹೋಗುವಾಗಲೇ ದಡದ ಕಲ್ಲಿನ ಮೇಲೆ ನೀರಿನ ಮಟ್ಟ ಗುರುತು ಹಾಕಿಕೊಳ್ಳಬೇಕು. ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗೆ 64.5 ಮಿ.ಮೀ. ಮೀರಿದರೆ ‘ಭಾರಿ’, 115.6 ಮುಟ್ಟಿದರೆ ‘ಅತಿ ಭಾರಿ’. ಆ ಜಿಲ್ಲೆಗೆ ಆರೆಂಜ್ ಅಲರ್ಟ್ ಇದ್ದ ದಿನ ಹಳ್ಳವಿರುವ ಹಾದಿಯ ಹೆಸರೇ ಎತ್ತಬೇಡಿ.

ಇಷ್ಟು ಗೊತ್ತಿದ್ದೂ ಯಾಕೆ ಹೋಗುತ್ತಾರೆ ಎಂದರೆ ಉತ್ತರ ಬೆಟ್ಟದಲ್ಲಿಲ್ಲ, ಬುಕಿಂಗಿನಲ್ಲಿದೆ. ಬೆಂಗಳೂರಿನ ಹುಡುಗರು ಎರಡು ಮೂರು ಸಾವಿರ ಮೊದಲೇ ಕಟ್ಟಿರುತ್ತಾರೆ, ಬಸ್ಸಿಗೆ ಅಡ್ವಾನ್ಸ್ ಹೋಗಿರುತ್ತದೆ, ಪೋಸ್ಟರಿನಲ್ಲಿ ಶಿಖರದ ಫೋಟೊ ಇರುತ್ತದೆ. ಅರ್ಧದಲ್ಲಿ ತಿರುಗಿದರೆ ದುಡ್ಡು ಕೊಡಿ ಎಂಬ ಮಾತು ಬಸ್ಸಿನಲ್ಲೇ ಏಳುತ್ತದೆ. ಇಲ್ಲಿಯ ಕ್ಲಬ್ಬಿನ ಮುಂದಾಳು ಸಂಬಳವಿಲ್ಲದ ಸದಸ್ಯ, ತಿರುಗಿ ಎಂದರೆ ಅವನಿಗೆ ನಷ್ಟವಿಲ್ಲ. ಅವರು ನಮಗಿಂತ ಜಾಣರೆಂದಲ್ಲ, ದುಡ್ಡಿಗೂ ಶಿಖರಕ್ಕೂ ಬಿದ್ದ ಗಂಟು ಅವರಲ್ಲಿ ಬಿಚ್ಚಿದೆ ಅಷ್ಟೇ. ದುಡ್ಡು ಪಡೆಯುವ ಗುಂಪೂ ಈ ಗಂಟನ್ನು ಬಿಚ್ಚಬಹುದು. ತಿರುಗುವ ಸಮಯವನ್ನು, ಜೊತೆಗೆ ಮಳೆ ಹೆಚ್ಚಿದರೆ ಹೋಗುವ ಬದಲಿ ಹಾದಿಯನ್ನು ಪೋಸ್ಟರಿನಲ್ಲೇ ಅಚ್ಚು ಹಾಕಿ: ‘12:30ಕ್ಕೆ ಎಲ್ಲಿದ್ದೇವೋ ಅಲ್ಲಿಂದ ವಾಪಸು’. ಹೊರಡುವ ಮೊದಲೇ ಒಪ್ಪಿದ ಮಾತಾದರೆ ಬೆಟ್ಟದ ಮೇಲೆ ಜಗಳವಿರುವುದಿಲ್ಲ.

ಇಂಗ್ಲೆಂಡಿನ ಬಹಳಷ್ಟು ಗುಡ್ಡಗಾಡಿಗೆ ಅನುಮತಿಯೇ ಬೇಡ. 1932ರಲ್ಲಿ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಗುಂಪಾಗಿ ನುಗ್ಗಿ ಜೈಲು ಕಂಡ ಕಾರ್ಮಿಕರ ಹೋರಾಟ ದಶಕಗಳ ಬಳಿಕ ತಂದ ಹಕ್ಕು ಅದು, 2000ದಲ್ಲಿ ಕಾಯಿದೆಯಾಯಿತು. ನಮ್ಮದು ಅರಣ್ಯ ಇಲಾಖೆಯ ಕಾಡು, ಆನೆಯ ಕಾಡು, ಇಲ್ಲಿಯ ಹಕ್ಕಿನ ಮಾತು ಅಲ್ಲಿಗೆ ಹೊಂದುವುದಿಲ್ಲ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಮೇಲೆ ನಿಂತ ಜನಸಾಗರದ ಚಿತ್ರಗಳನ್ನು ನೋಡಿದವರಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯವಾದದ್ದು, ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂದದ್ದು ಅತಿಯೆನಿಸಲಾರದು. ಆದರೆ 300 ಎಂಬುದು ಕಾಡಿನ ಮಿತಿ, ಗುಂಪಿನ ಮಿತಿ ಅಲ್ಲ. ಅದನ್ನು ಗುಂಪುಗಳೇ ಹಾಕಿಕೊಳ್ಳಬೇಕು. ಇಲಾಖೆ ಕಡ್ಡಾಯ ಮಾಡಿದ ಸ್ಥಳೀಯ ಗೈಡನ್ನು ಟಿಕೆಟ್ಟಿನ ಜೊತೆ ಬಂದ ಲೆಕ್ಕವೆಂದು ನೋಡುವ ಚಾಳಿಯೂ ಹೋಗಬೇಕು. ಯಾವ ಹಳ್ಳ ಎಷ್ಟು ಹೊತ್ತಿಗೆ ಏರುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಇಲ್ಲ, ಅವರಿಗೆ ಗೊತ್ತು. ‘ಬ್ಯಾಡ ಸಾರ್, ಇವತ್ತು ಆಗಲ್ಲ’ ಎಂದು ಅವರು ಮೆಲ್ಲಗೆ ಅಂದದ್ದನ್ನು ಬೆಂಗಳೂರಿನ ಲೀಡು ಕೇಳಿಸಿಕೊಂಡರೆ ಅರ್ಧ ಕೆಲಸ ಆಯಿತು.

ಸಹಾಯದ ವಿಚಾರ ಬೇಗ ಮುಗಿಸುತ್ತೇನೆ. ಇಲ್ಲಿ 999ಕ್ಕೆ ಕರೆದು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎನ್ನಬೇಕು, ಸ್ವಯಂಸೇವಕರು ದುಡ್ಡಿಲ್ಲದೆ ಬರುತ್ತಾರೆ. ನಮ್ಮಲ್ಲಿ 112, ಅರಣ್ಯ ಕಚೇರಿ, ಕೊನೆಗೆ ಹೆಗಲು ಕೊಡುವವರು ಬುಡದ ಹಳ್ಳಿಯವರೇ. 2022ರ ಫೆಬ್ರವರಿಯಲ್ಲಿ ನಂದಿಯ ಪಕ್ಕದ ಬ್ರಹ್ಮಗಿರಿಯಲ್ಲಿ ಜಾರಿದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿತು. ಅದು ತಿಳಿ ಆಕಾಶದ ದಿನ. ಮೋಡದೊಳಗಿನ ಬೆಟ್ಟಕ್ಕೆ ಹೆಲಿಕಾಪ್ಟರ್ ಬಾರದು. ಒದ್ದೆ ಬೆರಳಿಗೆ ಫೋನಿನ ಪರದೆ ಕೆಲಸ ಮಾಡುವುದಿಲ್ಲ, ಒಂದು ಫೋನು ಜಿಪ್ ಕವರಿನಲ್ಲಿ ಫ್ಲೈಟ್ ಮೋಡಿನಲ್ಲಿ ಮುಟ್ಟದೆ ಇರಲಿ. ಪ್ರತಿಯೊಬ್ಬರ ಕೊರಳಲ್ಲಿ ಸೀಟಿ: ಅಪಾಯವಾದರೆ ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಉತ್ತರ ಮೂರು. ಉಳಿದಂತೆ ತಮಾಷೆಗೂ ಸೀಟಿ ಊದಲು ಬಿಡಬೇಡಿ.

ಊಟದಲ್ಲಿ ನಾವು ಗೆದ್ದೆವು. ಇಲ್ಲಿಯವರು ತಂತಮ್ಮ ಸ್ಯಾಂಡ್‌ವಿಚ್ಚನ್ನು ತಂತಮ್ಮ ಮಂಡಿಯ ಮೇಲಿಟ್ಟು ತಿನ್ನುತ್ತಾರೆ, ಒಂದು ಬಿಸ್ಕತ್ತೂ ಕೈ ಬದಲಾಗುವುದಿಲ್ಲ. ನಮ್ಮಲ್ಲಿ ಕೋಡುಬಳೆ ಡಬ್ಬಿ ಮೂವತ್ತು ಕೈ ದಾಟಿ ಖಾಲಿಯಾಗಿ ಬರುತ್ತದೆ. ಆದರೆ ಮಳೆಯಲ್ಲಿ ಪೊಟ್ಟಣ ಬಿಚ್ಚಿ ತಣ್ಣನೆಯ ಪುಳಿಯೋಗರೆ ತಿನ್ನಲು ಕೂರುವುದು ಬೇಡ, ಮುಕ್ಕಾಲು ಗಂಟೆ ಮೈ ತಣ್ಣಗಾಗುತ್ತದೆ. ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಚಪಾತಿ, ಕಡ್ಲೆ ಮಿಠಾಯಿ, ಹುರಿಗಡಲೆ ಬೆಲ್ಲ, ಖರ್ಜೂರ ಕಿಸೆಯಲ್ಲೇ ಇರಲಿ, ಮುಕ್ಕಾಲು ಗಂಟೆಗೊಮ್ಮೆ ಒಂದು ತುತ್ತು. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ನಿಂತಿರುವುದಿಲ್ಲ. ಎರಡು ಲೀಟರ್ ಮುಗಿಸಲೇಬೇಕು.

ಇನ್ನೊಬ್ಬರು ಉಳಿದರು, ಯಾವ ಪಟ್ಟಿಯಲ್ಲೂ ಹೆಸರಿಲ್ಲದವರು. ರಾತ್ರಿಯಿಡೀ ಗಾಡಿ ಓಡಿಸಿ ಬಂದ ಡ್ರೈವರ್ ಅಣ್ಣ. ಗುಂಪು ಬೆಟ್ಟದಲ್ಲಿರುವಾಗ ಅವರು ಗಾಜು ಮುಚ್ಚಿದ ಟಿಟಿಯಲ್ಲಿ, ಸೀಟಿನ ಮೇಲೆ ಕಾಲು ಮಡಚಿ, ಮಳೆಯ ಸದ್ದಿನಲ್ಲಿ ಮಲಗಲು ನೋಡುತ್ತಿರುತ್ತಾರೆ. ಸಂಜೆ ಏಳಕ್ಕೆ ಗುಂಪು ಇಳಿದರೆ ಅದೇ ಕಣ್ಣಿನಲ್ಲಿ ಘಾಟಿ, ಆಮೇಲೆ ಹಾಸನದ ಹೆದ್ದಾರಿ, ಲಾರಿಗಳ ಎದುರು ದೀಪ, ಮಳೆ. ಇಂಗ್ಲೆಂಡಿನ ಗುಂಪಿನವರು ಹಿಂದಿನ ರಾತ್ರಿ ಮನೆಯಲ್ಲಿ ಮಲಗಿ ಬೆಳಗ್ಗೆ ರೈಲಿನಲ್ಲೋ ಕಾರಿನಲ್ಲೋ ಬಂದಿರುತ್ತಾರೆ. ಬೆಂಗಳೂರಿನಿಂದ ಅದಾಗದು, ದೂರ ಹೆಚ್ಚು. ಆಗುವುದು ಇಷ್ಟು: ಶನಿವಾರ ಬೆಳಗ್ಗೆ ಹೊರಟು ರಾತ್ರಿ ಹೋಮ್‌ಸ್ಟೇಯಲ್ಲಿ ಮಲಗಿ ಭಾನುವಾರ ಏಳಕ್ಕೆ ಬೆಟ್ಟ. ಅದಕ್ಕೂ ಆಗದವರು ಹೋಮ್‌ಸ್ಟೇಯವರಿಗೆ ಫೋನು ಮಾಡುವಾಗ ಇಡ್ಲಿ ಎಷ್ಟು ಪ್ಲೇಟು ಎಂದು ಹೇಳುವ ಮೊದಲು ಒಂದು ಕೋಣೆ, ಒಂದು ಮಂಚ, ಒಂದು ಒಣ ಹೊದಿಕೆ ಡ್ರೈವರ್ ಹೆಸರಿಗೆ ಹೇಳಿ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಅವರನ್ನು ಯಾರೂ ಎಬ್ಬಿಸಬಾರದು.